ಐದು ಪ್ರಶಸ್ತಿ, ಒಂದು ಕರಾರು

ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ಐಸ್ ಹಾಕಿ ತಂಡದ ಮುಖ್ಯ ಕೋಚ್ ಎಂದರೆ ವಿಶ್ವವಿದ್ಯಾಲಯದ ಸಂಬಳದ ನೌಕರರು. ಆಟ ಕಲಿಸುವುದು ಅವರ ಕೆಲಸದ ಒಂದು ಪಾಲು ಮಾತ್ರ. ಶಾಲೆ ಮುಗಿಸುತ್ತಿರುವ ಪ್ರತಿಭಾವಂತ ಹುಡುಗಿಯರನ್ನು ಹುಡುಕಿ ತರಬೇಕು, ವಿದ್ಯಾರ್ಥಿವೇತನ ಹಂಚಬೇಕು, ಆಟದ ಗುಂಗಿನಲ್ಲಿ ಯಾರೂ ಪರೀಕ್ಷೆಯಲ್ಲಿ ಹಿಂದೆ ಬೀಳದಂತೆ ನೋಡಿಕೊಳ್ಳಬೇಕು, ದಾನಿಗಳನ್ನೂ ಕಾಣಬೇಕು. ಹುದ್ದೆ ಕಾಯಂ ಅಲ್ಲ. ಕೆಲವು ವರ್ಷಗಳ ಕರಾರು, ಅದು ಮುಗಿದಾಗ ನವೀಕರಣ. ಈ ಕರಾರನ್ನು ಬದಿಗಿಟ್ಟು ಗೆಲುವು ಸೋಲಿನ ಪಟ್ಟಿಯನ್ನಷ್ಟೇ ಓದಿದರೆ ಕೋಚ್ ಒಬ್ಬರ ವೃತ್ತಿಜೀವನ ಅರ್ಧ ಮಾತ್ರ ಕಾಣುತ್ತದೆ. ಕ್ರೀಡಾ ಆಡಳಿತವನ್ನು ಕುರಿತ ಈ ವಿಚಾರ ಸಂಕಿರಣಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯದ ಡುಲೂತ್ ಕ್ಯಾಂಪಸ್ಸಿನ ಶಾನನ್ ಮಿಲ್ಲರ್ ಅವರ ವೃತ್ತಿಜೀವನ ಆ ಕಾರಣಕ್ಕೇ ಮುಖ್ಯವಾಗುತ್ತದೆ.

ಮಿಲ್ಲರ್ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದವರು. ಮಹಿಳಾ ಹಾಕಿಯಲ್ಲಿ ಹೊಟ್ಟೆ ತುಂಬುವ ಕೆಲಸ ಇಲ್ಲದ ಕಾಲದಲ್ಲಿ ಕ್ಯಾಲ್ಗರಿ ನಗರದ ಪೊಲೀಸ್ ಅಧಿಕಾರಿಯಾಗಿದ್ದುಕೊಂಡೇ ತಂಡಗಳಿಗೆ ತರಬೇತಿ ಕೊಡುತ್ತಿದ್ದರು. ಅವರು ಮುಖ್ಯ ಕೋಚ್ ಆಗಿದ್ದ ಕೆನಡಾ ತಂಡ 1997ರಲ್ಲಿ ವಿಶ್ವ ಚಾಂಪಿಯನ್ ಆಯಿತು. ಮಹಿಳಾ ಐಸ್ ಹಾಕಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಅಲ್ಲಿಯ ಫೈನಲ್‌ನಲ್ಲಿ ಕೆನಡಾ ಅಮೆರಿಕಕ್ಕೆ 3-1ರಿಂದ ಸೋತು ಬೆಳ್ಳಿಗೆ ತೃಪ್ತಿಪಟ್ಟುಕೊಂಡಿತು. ಆ ಒಲಿಂಪಿಕ್ಸ್ ಅಮೆರಿಕದ ಕಾಲೇಜುಗಳಲ್ಲಿ ಈ ಆಟಕ್ಕೆ ಹೊಸ ಹುರುಪು ತಂದಿತು. ಸುಪೀರಿಯರ್ ಸರೋವರದ ದಂಡೆಯ ಡುಲೂತ್ ಹೊಸ ತಂಡವೊಂದನ್ನು ಕಟ್ಟುವ ಹೊಣೆಯನ್ನು ಮಿಲ್ಲರ್ ಅವರಿಗೆ ಒಪ್ಪಿಸಿತು. ತಂಡ ಮೊದಲು ಕಣಕ್ಕಿಳಿದದ್ದು 1999-2000ರ ಋತುವಿನಲ್ಲಿ.

ಹೆಸರೇ ಇಲ್ಲದ ತಂಡಕ್ಕೆ ಅಮೆರಿಕದ ಒಳ್ಳೆಯ ಆಟಗಾರ್ತಿಯರು ಏಕೆ ಬರುತ್ತಾರೆ? ಮಿಲ್ಲರ್ ಯುರೋಪಿನ ಕಡೆ ನೋಡಿದರು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ವರ್ಷಪೂರ್ತಿ ಗಟ್ಟಿ ಪೈಪೋಟಿ ಸಿಗುವ ಮಹಿಳಾ ಲೀಗ್ ಮಾತ್ರ ಇರಲಿಲ್ಲ. ಸ್ವೀಡನ್ನಿನ ಮರಿಯಾ ರೂತ್ ಹೀಗೆ ಬಂದವರಲ್ಲಿ ಪ್ರಮುಖರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಮಹಿಳಾ ಐಸ್ ಹಾಕಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭಿಸಿದ್ದು 2001ರಲ್ಲಿ. ಆ ವರ್ಷವೂ 2002, 2003ರಲ್ಲೂ ಗೆದ್ದದ್ದು ಡುಲೂತ್. ಈ ನೀತಿಯ ಫಲ ಕಾಲೇಜಿನ ಆಚೆಗೂ ಕಂಡಿತು. 2006ರ ಟ್ಯೂರಿನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸ್ವೀಡನ್ ಅಮೆರಿಕವನ್ನು ಶೂಟೌಟ್‌ನಲ್ಲಿ ಉರುಳಿಸಿದಾಗ ನಿರ್ಣಾಯಕ ಗೋಲು ಹೊಡೆದವರು ಇದೇ ರೂತ್. ಅಲ್ಲಿಯವರೆಗೆ ಅಮೆರಿಕ, ಕೆನಡಾ ಬಿಟ್ಟು ಬೇರಾವ ದೇಶವೂ ಆ ಫೈನಲ್ ಕಂಡಿರಲಿಲ್ಲ. ಕೋಚ್ ಒಬ್ಬರ ಆಯ್ಕೆಯ ನೀತಿ ಒಂದು ಕ್ರೀಡೆಯ ಭೂಪಟವನ್ನೇ ಬದಲಿಸಿದ ನಿದರ್ಶನಗಳು ಹೆಚ್ಚಿಲ್ಲ.

ಪಂದ್ಯದ ಹೊತ್ತಿನಲ್ಲಿ ಕೋಚ್ ಮಾಡುವ ಕೆಲಸ ಟಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮೂವರು ಫಾರ್ವರ್ಡ್‌ಗಳ ಒಂದು ಲೈನ್ ಹಾಗೂ ಇಬ್ಬರು ಡಿಫೆಂಡರ್‌ಗಳು ಮುಕ್ಕಾಲು ನಿಮಿಷದಷ್ಟು ಆಡಿ, ಏದುಸಿರು ಬಿಡುತ್ತ ಬೆಂಚಿಗೆ ಮರಳುತ್ತಾರೆ. ಆಟ ನಿಲ್ಲದೆಯೇ ಮುಂದಿನ ಐವರು ಗೋಡೆ ಹಾರಿ ರಿಂಕ್‌ಗೆ ಇಳಿಯುತ್ತಾರೆ. ಯಾರ ಎದುರು ಯಾರನ್ನು ಬಿಡಬೇಕು, ಯಾರ ಕಾಲು ಸೋತಿದೆ ಎಂಬುದನ್ನು ಕ್ಷಣದಲ್ಲಿ ತೀರ್ಮಾನಿಸಬೇಕು. 2003ರ ಫೈನಲ್ ಹಾರ್ವರ್ಡ್ ವಿರುದ್ಧ ಎರಡನೇ ಹೆಚ್ಚುವರಿ ಅವಧಿಗೆ ಹೋಗಿ 4-3ರಲ್ಲಿ ಮುಗಿಯಿತು. 2008ರಲ್ಲಿ ನಾಲ್ಕನೇ ಪ್ರಶಸ್ತಿ ಬಂತು. 2010ರಲ್ಲಿ ಕಾರ್ನೆಲ್ ವಿರುದ್ಧದ ಫೈನಲ್ ಮೂರನೇ ಹೆಚ್ಚುವರಿ ಅವಧಿಯವರೆಗೂ ಎಳೆಯಿತು. ಅರವತ್ತು ನಿಮಿಷದ ಆಟ ಸುಮಾರು ಎರಡರಷ್ಟಾಗಿದ್ದ ಹೊತ್ತಿಗೆ ಬಂದ ಗೋಲಿನಿಂದ ಡುಲೂತ್ 3-2ರಿಂದ ಗೆದ್ದಿತು. ಅಂಥ ರಾತ್ರಿ ಬೆಂಚಿನ ಕೊನೆಯಲ್ಲಿ ಕೂತವರನ್ನೂ ನಂಬಿ ಆಡಿಸಿದ ಕೋಚ್‌ಗೆ ಮಾತ್ರ ಕೊನೆಯಲ್ಲಿ ಉಸಿರಿರುವ ಆಟಗಾರ್ತಿಯರು ಉಳಿದಿರುತ್ತಾರೆ.

ಐದನೆಯ ಪ್ರಶಸ್ತಿಯೇ ಕೊನೆಯದಾಯಿತು. 2011ರ ನಂತರ ಮಿಲ್ಲರ್ ಅವರ ಅವಧಿಯಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಪಡೆಯಲಿಲ್ಲ. 2014ರ ಡಿಸೆಂಬರ್‌ನಲ್ಲಿ, ಋತುವಿನ ನಡುವೆ, ಮಿಲ್ಲರ್ ಅವರ ಕರಾರನ್ನು ನವೀಕರಿಸುವುದಿಲ್ಲ ಎಂದು ವಿಶ್ವವಿದ್ಯಾಲಯ ಪ್ರಕಟಿಸಿತು. ಕೊಟ್ಟ ಕಾರಣ ಹಣಕಾಸಿನದು: ಅವರ ವಾರ್ಷಿಕ ಸಂಬಳ ಎರಡು ಲಕ್ಷ ಡಾಲರ್ ದಾಟಿತ್ತು. ಮಿಲ್ಲರ್ ಆ ಋತುವನ್ನು ಮುಗಿಸಿಕೊಟ್ಟೇ ಹೊರಬಂದರು.

ಇಲ್ಲಿ ಎರಡು ಹೋಲಿಕೆಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಅದೇ ಕ್ಯಾಂಪಸ್ಸಿನ ಪುರುಷರ ತಂಡ ಆ ಹೊತ್ತಿಗೆ ಗೆದ್ದಿದ್ದು ಒಂದೇ ರಾಷ್ಟ್ರೀಯ ಪ್ರಶಸ್ತಿ, 2011ರದು. ಎರಡನೆಯದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಹಿಳಾ ತಂಡದ್ದು. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡದ ವಿರುದ್ಧ ಎರಡು ಗೋಲು ಹೊಡೆದಿದ್ದ ಮಾರ್ಕ್ ಜಾನ್ಸನ್ 2002ರಿಂದ ಅದರ ಕೋಚ್. 2025ರ ವೇಳೆಗೆ ಎಂಟು ಪ್ರಶಸ್ತಿ ಗೆದ್ದ ಅವರಿಗೂ 2012ರಿಂದ 2018ರವರೆಗೆ ಒಂದೂ ದಕ್ಕಿರಲಿಲ್ಲ. ಆ ಅವಧಿಯಲ್ಲೂ ವಿಸ್ಕಾನ್ಸಿನ್ ಪದೇ ಪದೇ ಸೆಮಿಫೈನಲ್ ತಲುಪುತ್ತಿತ್ತು ಎಂಬುದನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. ಆದರೂ ಕಾಯುವ ತಾಳ್ಮೆ ಯಾರಿಗೆ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆಗೆ ಹಿನ್ನೆಲೆಯೂ ಇದೆ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದ 1972ರಲ್ಲಿ ಅಮೆರಿಕದ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಕಾನೂನಿನಿಂದ ಆಡುವ ಹುಡುಗಿಯರ ಸಂಖ್ಯೆ ಏರಿತು, ಕೋಚ್ ಹುದ್ದೆಗೆ ಸಂಬಳವೂ ಮರ್ಯಾದೆಯೂ ಬಂದವು. ಅವುಗಳ ಬೆನ್ನಿಗೇ ಪುರುಷರೂ ಬಂದರು, ಮಹಿಳೆಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು.

ಮಿಲ್ಲರ್ ನ್ಯಾಯಾಲಯದ ಮೆಟ್ಟಿಲೇರಿದರು. 2018ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ, ನವೀಕರಣ ನಿರಾಕರಣೆಯಲ್ಲಿ ಲಿಂಗತಾರತಮ್ಯವಿದೆ, ಟೈಟಲ್ ನೈನ್ ಅಡಿಯ ದೂರುಗಳಿಗೆ ಪ್ರತೀಕಾರವೂ ಇದೆ ಎಂದು ತೀರ್ಮಾನಿಸಿತು. ಕೊಡಿಸಿದ ಮೊತ್ತ ಸುಮಾರು 37.4 ಲಕ್ಷ ಡಾಲರ್. ಅದರಲ್ಲಿ 30 ಲಕ್ಷ ಮಾನಸಿಕ ಯಾತನೆಗೆ, ಉಳಿದದ್ದು ಕೈತಪ್ಪಿದ ಸಂಬಳಕ್ಕೆ. ಮುಂದೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಡುಲೂತ್ ತಂಡದ ಹೊಣೆ 2015ರಲ್ಲೇ ಮಾರಾ ಕ್ರೋವೆಲ್ ಎಂಬ ಇನ್ನೊಬ್ಬ ಮಹಿಳೆಗೆ ಹೋಗಿತ್ತು. ಅವರ ಕೈಯಲ್ಲಿ ತಂಡ 2022ರಲ್ಲಿ ಮತ್ತೆ ಫೈನಲ್ ತಲುಪಿ, ಓಹಿಯೋ ಸ್ಟೇಟ್ ಎದುರು 3-2ರಿಂದ ಸೋತಿತು.