ಟ್ರಂಕಿನ ತಳದ ಕಾಗದಗಳು



ನಮ್ಮ ಮೈಲಾರನೇ ಖಂಡೋಬನಾಗಿ ನಿಂತ ಈ ಜೇಜುರಿಯಲ್ಲಿ ಕೂಡಿರುವ ನಮ್ಮ ಮನೆಗಳಲ್ಲೂ ದಂಡಿನಲ್ಲಿ ದುಡಿದವರಿದ್ದಾರೆ. ಕಾಯಿಲೆಯಾಗಿ ಮರಳಿದವರಿಗೆ ‘ಇದು ಸೇವೆಯಿಂದ ಬಂದುದಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದರೆ ಸುಮ್ಮನಾಗಿಬಿಡುತ್ತೇವೆ. ಏಕೆ ಸುಮ್ಮನಾಗಬೇಕು?

ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳ ಸೇರಿ, 1994ರಲ್ಲಿ ಅಪಸ್ಮಾರದಿಂದ ಶೇಕಡಾ 20 ವೈಕಲ್ಯವೆಂದು ಬಿಡುಗಡೆಯಾದರು. ವೈಕಲ್ಯ ವೇತನ ಮಾತ್ರ ಇಲ್ಲ! 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಕೊಡಿಸಿತು. ಭರ್ತಿಯ ದಿನ ರೋಗದ ಟಿಪ್ಪಣಿ ಇಲ್ಲದಿದ್ದರೆ ಆಮೇಲಿನದು ಸೇವೆಯಿಂದಲೇ ಎಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು, ವೈದ್ಯಮಂಡಳಿ ಕಾರಣ ಬರೆಯಲೇಬೇಕು ಎಂದಿತು. (2023ರ ಸೆಪ್ಟೆಂಬರ್ 21ರ ಅನಂತರ ಬಿಡುಗಡೆಯಾದವರಿಗೆ ಹೊಸ ನಿಯಮಗಳಿವೆ.)

ಮನೆಗೆ ಹೋದೊಡನೆ ಟ್ರಂಕು ತೆಗೆಯೋಣ. ಭರ್ತಿಯ ವೈದ್ಯಪತ್ರ, ಆಸ್ಪತ್ರೆಯ ಚೀಟಿ, ಮಂಡಳಿಯ ವರದಿ ಇವನ್ನೆಲ್ಲ ಭಂಡಾರದ ಪೊಟ್ಟಣದಷ್ಟೇ ಜೋಪಾನವಾಗಿ ಒಂದೆಡೆ ಕಟ್ಟಿಡೋಣ.