ಶಾಲೆಯ ಅಂಗಳ: ಮಕ್ಕಳ ಎರಡನೆಯ ಪಠ್ಯಪುಸ್ತಕ



ಶತಮಾನೋತ್ಸವದ ನೆನಪಿಗೆ ಅಂಗಳಕ್ಕೆಲ್ಲ ಸಿಮೆಂಟು ಹಾಸಬೇಕೆಂಬ ಸಲಹೆ ಬಂದಾಗ ಮೊದಲು ಒಪ್ಪಿದವಳು ನಾನೇ. ಎರೆಮಣ್ಣಿನ ಕೆಸರು ತಪ್ಪೀತೆಂಬ ಆಸೆ. ಆದರೆ ನಂದವರದ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲಿನ ಮಗು ಆಡುವುದೆಂತು?

ಇನ್ನೊಂದು ಮಾತು. ತೆಲುಗು ನಾಡಿನಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಎಷ್ಟೋ ಪದಗಳು ಪುಸ್ತಕದಲ್ಲಷ್ಟೇ ಉಳಿದಿವೆ. ಮೊಳಕೆ, ಚಿಗುರು, ಗೂಡು, ಒಡ್ಡು, ಕಾಲುವೆ ಇವು ಕೈಗೆ ಸಿಕ್ಕರೆ ಮಾತ್ರ ನಾಲಿಗೆಗೆ ಬಂದಾವು. ರವೀಂದ್ರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಮರಗಳ ನೆರಳಿಗೆ ತಂದುದೂ, ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದುದೂ ಮಗು ಕೈಕಾಲುಗಳಿಂದಲೂ ಕಲಿಯುತ್ತದೆಂಬ ನಂಬಿಕೆಯಿಂದಲೇ.

ಆದುದರಿಂದ ನನ್ನ ಬಿನ್ನಹವಿಷ್ಟೇ: ಬೇವಿನ ಮರ ಉಳಿಯಲಿ. ಅದರ ನೆರಳಲ್ಲಿ ಮರಳಿನ ಗುಂಡಿ, ರಾತ್ರಿ ನಾಯಿಗಳು ಬಾರದಂತೆ ಅದಕ್ಕೊಂದು ಮುಚ್ಚಿಗೆ; ಹತ್ತಿ ಇಳಿಯಲು ತಗ್ಗಾದ ಮಣ್ಣಿನ ದಿಬ್ಬ; ಕೈ ತೊಳೆದ ನೀರು ಗಿಡಗಳ ಪಾತಿಗೆ ಹರಿಯುವಂತೆ ಕಿರುಗಾಲುವೆ. ಜಾಲಿಮುಳ್ಳು ತೆಗೆಸೋಣ, ಪ್ರತಿಯೊಂದು ಮೂಲೆಯೂ ಶಿಕ್ಷಕರ ಕಣ್ಣಳತೆಯಲ್ಲಿರಲಿ. ನಡೆಯಲಾಗದ ಮಗುವಿನ ಗಾಲಿಕುರ್ಚಿ ಮರದವರೆಗೆ ಸಾಗುವಷ್ಟು ಹಾದಿಗೆ ಸಿಮೆಂಟು ಸಾಕು.

ನೂರು ವರ್ಷ ಈ ಶಾಲೆ ಕನ್ನಡವನ್ನು ಕಾಪಾಡಿದೆ. ಮುಂದೆಯೂ ಅದು ಬೇರೂರಲು ಒಂದಿಷ್ಟು ಮಣ್ಣು ಬಿಡೋಣ.