ಅಡುಗೆಮನೆಯ ರಸಾಯನಶಾಸ್ತ್ರ

ನೀವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿಯವರಾದರೂ ಮನೆಯಲ್ಲಿ ಆಲೂಗಡ್ಡೆ ಇದ್ದೇ ಇರುತ್ತದೆ. ಮುಂಗಾರಿನಲ್ಲಿ ಅದನ್ನೇ ಬೆಳೆಯುವ ಜಿಲ್ಲೆ ನಮ್ಮದು. ಒಂದು ಹೋಳಿನ ಮೇಲೆ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ತೊಟ್ಟು ಹಾಕಿ. ಕಂದು ಬಣ್ಣ ನೀಲಿಗಪ್ಪಾಗುತ್ತದೆ. ಅದೇ ಪಿಷ್ಟದ ಗುರುತು. ಆ ಹೋಳನ್ನು ಮಾತ್ರ ಸಾರಿಗೆ ಹಾಕಬೇಡಿ!

ಅರಿಶಿನದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ. ಸೋಪಿನ ನೀರು ತಾಗಿದರೆ ಕೆಂಪು, ನಿಂಬೆರಸ ಬಿದ್ದರೆ ಮತ್ತೆ ಹಳದಿ. ಬಟ್ಟೆಯ ಮೇಲಿನ ಸಾರಿನ ಕಲೆ ಒಗೆಯುವಾಗ ಕೆಂಪಾಗಿದ್ದನ್ನು ಕಂಡು ತಾಯಿ ಗಾಬರಿಯಾಗಿದ್ದರೆ, ಕಾರಣವನ್ನು ಇನ್ನು ನೀವೇ ಹೇಳಬಹುದು.

ಆದರೆ ಬಚ್ಚಲುಮನೆಯ ಬಾಟಲಿಗಳು ಪ್ರಯೋಗಕ್ಕಲ್ಲ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆತರೆ ಕ್ಲೋರಿನ್ ಏಳುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಶುಚಿ ಮಾಡುವ ಅವಸರದಲ್ಲಿ ದೊಡ್ಡವರೂ ಈ ತಪ್ಪು ಮಾಡುತ್ತಾರೆ. ಕಂಡರೆ ಸಂಕೋಚಪಡದೆ ತಡೆಯಿರಿ.

ಸುಟ್ಟ ಸುಣ್ಣಕ್ಕೆ ನೀರು ಹಾಕುವ ಆಟವೂ ಬೇಡ. ಅದು ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಒಂದು ವೇಳೆ ಬಿದ್ದರೆ, ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ನಲ್ಲಿಯ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ.